ಪಾಯಿಂಟ್ ಟೂ ಟೂ ರೈಫಲ್‌ಗೆ ಎಂಥ ಸ್ಕೋಪ್?

ಪಾಯಿಂಟ್ ಟೂ ಟೂ ರೈಫಲ್‌ಗೆ ಸ್ಕೋಪ್ ಕೊಳ್ಳಲು ಹೊರಟವರು ಅಂಗಡಿಯಲ್ಲಿ ಮೊದಲು ಕೇಳುವುದು ‘ಎಷ್ಟು ಎಕ್ಸ್?’ ಅಂತ, ಅಂದರೆ ಗುರಿಯನ್ನು ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ ಅಂತ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಅಚ್ಚು ಹಾಕಿರುವುದೂ ಅದನ್ನೇ: 3-9×40, 4-16×50, 6-24×50. ಒಂದೇ ಬೆಲೆಗೆ ಎರಡು ಸ್ಕೋಪ್ ಸಿಗುವುದಾದರೆ ದೊಡ್ಡ ಅಂಕಿ ಇರುವುದರ ಕಡೆ ಕೈ ತಾನಾಗಿಯೇ ಹೋಗುತ್ತದೆ. ಆದರೆ .22ರ ಮಟ್ಟಿಗೆ ಮೊದಲು ನೋಡಬೇಕಾದ ಅಂಕಿ ಬೇರೆ ಇದೆ. ಅದು ಡಬ್ಬಿಯೊಳಗಿನ ಚೀಟಿಯಲ್ಲಿ, ಸಣ್ಣಕ್ಷರದಲ್ಲಿ, ಒಂದೇ ಒಂದು ಸಾಲಿನಲ್ಲಿ ಇರುತ್ತದೆ: ಪ್ಯಾರಲಾಕ್ಸ್ ಎಷ್ಟು ಗಜಕ್ಕೆ ಹೊಂದಿಸಿದೆ ಎನ್ನುವುದು. ಕೈಯಲ್ಲಿರುವ ದುಡ್ಡು ಕಡಿಮೆಯಾದಷ್ಟೂ ಆ ಸಾಲಿನ ಮಹತ್ವ ಹೆಚ್ಚು.

ಯಾಕೆ ಎಂದು ತಿಳಿಯಲು ತೋಟಾದಿಂದಲೇ ಶುರು ಮಾಡಬೇಕು. .22 ಲಾಂಗ್ ರೈಫಲ್ ತೋಟಾವನ್ನು 1887ರಲ್ಲಿ ಹೊರತಂದದ್ದು ಅಮೆರಿಕದ ಸ್ಟೀವನ್ಸ್ ಕಂಪನಿ. ದೊಡ್ಡ ರೈಫಲ್‌ಗಳ ತೋಟಾಕ್ಕೆ ಬುಡದ ನಡುವೆ ಒಂದು ಕ್ಯಾಪು ಇರುತ್ತದೆ, ಇದಕ್ಕೆ ಇಲ್ಲ. ಹಿತ್ತಾಳೆ ಕೊಳವೆಯ ಬುಡದಲ್ಲಿ ಮಡಚಿದ ಅಂಚಿನ ಒಳಗೇ ಕಿಡಿಮದ್ದು ತುಂಬಿರುತ್ತದೆ. ಫೈರಿಂಗ್ ಪಿನ್ ಆ ಅಂಚನ್ನು ಜಜ್ಜಿದಾಗ ಹೊತ್ತಿಕೊಳ್ಳುತ್ತದೆ, ರಿಮ್‌ಫೈರ್ ಎನ್ನುವುದು ಇದನ್ನೇ. ಪಿನ್ನಿನ ಏಟಿಗೆ ಜಜ್ಜಿಹೋಗುವಷ್ಟು ತೆಳುವಾಗಿರಬೇಕಾದ ಅಂಚು ಅದು, ಹಾಗಾಗಿ ದೊಡ್ಡ ಒತ್ತಡ ತಡೆಯಲಾರದು. ಆದ್ದರಿಂದ ಒಳಗೆ ಮದ್ದು ಕಡಿಮೆ, ಗುಂಡು ಹಗುರ, ವೇಗವೂ ಮಿತ. ಸಾಮಾನ್ಯವಾಗಿ 40 ಗ್ರೇನ್, ಅಂದರೆ ಸುಮಾರು 2.6 ಗ್ರಾಂ ತೂಕದ ಸೀಸದ ಗುಂಡು. ಸ್ಟ್ಯಾಂಡರ್ಡ್ ವೆಲಾಸಿಟಿ ಎಂದು ಬರೆದಿರುವ ಪೆಟ್ಟಿಗೆಯಲ್ಲಾದರೆ ಅದರ ವೇಗ ಸೆಕೆಂಡಿಗೆ 325 ಮೀಟರ್ ಆಸುಪಾಸು, ಶಬ್ದದ ವೇಗಕ್ಕಿಂತ ತುಸು ಕೆಳಗೆ.

ಇಷ್ಟು ನಿಧಾನದ ಗುಂಡು ಬೇಗ ಕೆಳಗಿಳಿಯುತ್ತದೆ. ಸ್ಕೋಪಿನ ನಡುಗೆರೆ ನಳಿಗೆಯ ನಡುಗೆರೆಗಿಂತ 4 ಸೆಂಟಿಮೀಟರ್ ಮೇಲಿದೆ, ರೈಫಲ್ಲನ್ನು 50 ಮೀಟರ್‌ಗೆ ಜೀರೋ ಮಾಡಿದ್ದೀರಿ, ಅಂದರೆ ಆ ದೂರದಲ್ಲಿ ಗುರಿಯಿಟ್ಟಲ್ಲೇ ಗುಂಡು ಬೀಳುವಂತೆ ಹೊಂದಿಸಿದ್ದೀರಿ ಎಂದುಕೊಳ್ಳಿ. 10 ಮೀಟರ್‌ನಲ್ಲಿ ಗುಂಡು ಗುರಿಗಿಂತ ಒಂದು ಸೆಂಟಿಮೀಟರಿನಷ್ಟು ಕೆಳಗೆ ಬೀಳುತ್ತದೆ. 25 ಮೀಟರ್‌ನಲ್ಲಿ ಒಂದು ಸೆಂಟಿಮೀಟರ್ ಮೇಲೆ. 50ರಲ್ಲಿ ಗುರಿಯ ಮೇಲೆಯೇ. 75ಕ್ಕೆ ಹೋದರೆ 7-8 ಸೆಂಟಿಮೀಟರ್ ಕೆಳಗೆ. 100ಕ್ಕೆ ಹೋದರೆ ಸರಿಸುಮಾರು ಒಂದು ಗೇಣು ಕೆಳಗೆ. ಅಂದರೆ 10 ಮೀಟರ್‌ನಿಂದ 55-60 ಮೀಟರ್‌ವರೆಗೆ ಹೆಚ್ಚು ಲೆಕ್ಕಾಚಾರವಿಲ್ಲದೆ ಗುರಿಯಿಡಬಹುದು, ಅದರಾಚೆಗೆ ಪ್ರತಿ ಹತ್ತು ಮೀಟರಿಗೂ ಲೆಕ್ಕ ಬೇಕು. ಈ ರೈಫಲ್ ನಿಜವಾಗಿ ಕೆಲಸ ಮಾಡುವುದು 20ರಿಂದ 60 ಮೀಟರ್ ನಡುವೆ. ಸ್ಕೋಪ್ ಕೆಲಸ ಮಾಡಬೇಕಾದದ್ದೂ ಅಲ್ಲಿಯೇ.

ಮಾರುಕಟ್ಟೆಯಲ್ಲಿ ಸಿಗುವ ಬಹುಪಾಲು ಸ್ಕೋಪ್‌ಗಳು ತಯಾರಾದದ್ದು ದೊಡ್ಡ ರೈಫಲ್‌ಗಳಿಗಾಗಿ. ಅವುಗಳ ಪ್ಯಾರಲಾಕ್ಸನ್ನು ಕಾರ್ಖಾನೆಯಲ್ಲೇ 100 ಗಜಕ್ಕೋ 150 ಗಜಕ್ಕೋ ಕೂಡಿಸಿಬಿಟ್ಟಿರುತ್ತಾರೆ. .22 ಮೇಲೆ ಇಟ್ಟರೆ ತೊಂದರೆ ಅಲ್ಲಿಂದಲೇ ಶುರು.

ಪ್ಯಾರಲಾಕ್ಸ್ ಏನೆಂದು ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ, ಇಡೀ ಆಯ್ಕೆ ನಿಂತಿರುವುದು ಅದರ ಮೇಲೆ. ಸ್ಕೋಪಿನ ಮುಂದಿನ ದೊಡ್ಡ ಗಾಜು, ಅಂದರೆ ಆಬ್ಜೆಕ್ಟಿವ್, ಗುರಿಯ ಒಂದು ಪುಟ್ಟ ಬಿಂಬವನ್ನು ಕೊಳವೆಯೊಳಗೆ ಮೂಡಿಸುತ್ತದೆ. ಕ್ರಾಸ್‌ಹೇರ್ ಅದೇ ಕೊಳವೆಯೊಳಗೆ ಒಂದು ನಿರ್ದಿಷ್ಟ ಜಾಗದಲ್ಲಿ ಕೂತಿರುತ್ತದೆ. ಬಿಂಬ ಸರಿಯಾಗಿ ಕ್ರಾಸ್‌ಹೇರ್ ಇರುವಲ್ಲೇ ಮೂಡಿದರೆ, ನೀವು ಕಣ್ಣನ್ನು ಆಚೀಚೆ ಸರಿಸಿದರೂ ಗೆರೆ ಗುರಿಯನ್ನು ಬಿಟ್ಟು ಕದಲುವುದಿಲ್ಲ. ಆದರೆ ಗುರಿ ಹತ್ತಿರವಿದ್ದಷ್ಟೂ ಬಿಂಬ ಹಿಂದಕ್ಕೆ, ನಿಮ್ಮ ಕಣ್ಣಿನ ಕಡೆಗೆ ಸರಿದು ಮೂಡುತ್ತದೆ. ಆಗ ಬಿಂಬ ಒಂದು ಕಡೆ, ಗೆರೆ ಇನ್ನೊಂದು ಕಡೆ. ಗೋಡೆ ಗಡಿಯಾರದ ಮುಳ್ಳನ್ನು ಪಕ್ಕದಲ್ಲಿ ನಿಂತು ನೋಡಿದರೆ ಒಂದು ನಿಮಿಷ ಹೆಚ್ಚುಕಡಿಮೆ ಕಾಣುವ ಹಾಗೆ, ಇಲ್ಲಿ ಕಣ್ಣು ಸರಿದತ್ತ ಗೆರೆಯೂ ಸರಿದಂತೆ ಕಾಣುತ್ತದೆ. ರೈಫಲ್ ಅಲ್ಲಾಡಿಲ್ಲ, ಗುರಿ ಅಲ್ಲಾಡಿಲ್ಲ, ಆದರೂ ಗುರಿ ತಪ್ಪಿತು.

ಎಷ್ಟು ತಪ್ಪಬಹುದು ಎನ್ನುವುದಕ್ಕೆ ಒಂದು ಸುಲಭ ಲೆಕ್ಕವಿದೆ. ಆಬ್ಜೆಕ್ಟಿವ್ ಗಾಜಿನ ವ್ಯಾಸದ ಅರ್ಧ ತೆಗೆದುಕೊಳ್ಳಿ. ಗುರಿಯ ದೂರಕ್ಕೂ ಪ್ಯಾರಲಾಕ್ಸ್ ಹೊಂದಿಸಿದ ದೂರಕ್ಕೂ ಇರುವ ವ್ಯತ್ಯಾಸವನ್ನು ಪ್ಯಾರಲಾಕ್ಸ್ ದೂರದಿಂದ ಭಾಗಿಸಿ, ಬಂದದ್ದರಿಂದ ಗುಣಿಸಿ. 100 ಮೀಟರಿಗೆ ಹೊಂದಿಸಿದ 40 ಮಿಲಿಮೀಟರ್ ಗಾಜಿನ ಸ್ಕೋಪಿನಲ್ಲಿ 50 ಮೀಟರ್ ಗುರಿಯನ್ನು ನೋಡಿದರೆ 20ರ ಅರ್ಧ, ಅಂದರೆ 10 ಮಿಲಿಮೀಟರ್. ಕಣ್ಣು ಸ್ಕೋಪಿನ ತೀರ ಅಂಚಿಗೆ ಹೋದಾಗ ಆಗುವ ಗರಿಷ್ಠ ತಪ್ಪು ಇದು. 25 ಮೀಟರಿಗೆ ಬಂದರೆ 15 ಮಿಲಿಮೀಟರ್. ಅಂತರರಾಷ್ಟ್ರೀಯ 50 ಮೀಟರ್ ರೈಫಲ್ ಗುರಿಹಲಗೆಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸವೇ 10.4 ಮಿಲಿಮೀಟರ್, ನಡುವಿಗೆ ಗುರಿಯಿಟ್ಟ ಗುಂಡು ಅದರಿಂದ ಹೊರಬೀಳಲು 10 ಮಿಲಿಮೀಟರ್ ಧಾರಾಳವಾಗಿ ಸಾಕು. ಅದೇ 50 ಮೀಟರಿಗೆ ಹೊಂದಿಸಿದ 32 ಮಿಲಿಮೀಟರ್ ಗಾಜಿನ ಸ್ಕೋಪ್ ಆದರೆ 50ರಲ್ಲಿ ತಪ್ಪು ಸೊನ್ನೆ, 25ರಲ್ಲಿ ಹೆಚ್ಚೆಂದರೆ 8 ಮಿಲಿಮೀಟರ್. ಈ ಲೆಕ್ಕದಲ್ಲಿ ಎಕ್ಸ್ ಎಲ್ಲೂ ಬರಲೇ ಇಲ್ಲ, ಗಮನಿಸಿ. ದೊಡ್ಡ ಗಾಜು ಬಂತು, ಅದೂ ತಪ್ಪನ್ನು ಹೆಚ್ಚಿಸುವ ಕಡೆಗೆ.

ಆದ್ದರಿಂದ ಚೀಟಿಯಲ್ಲಿ ‘ರಿಮ್‌ಫೈರ್’ ಎಂದಿದೆಯೇ, ಪ್ಯಾರಲಾಕ್ಸ್ 50 ಅಥವಾ 60 ಗಜ ಎಂದಿದೆಯೇ, ಅದನ್ನು ಮೊದಲು ನೋಡಿ. 50 ಗಜ ಅಂದರೆ 46 ಮೀಟರ್, 60 ಗಜ ಅಂದರೆ 55. ವೋರ್ಟೆಕ್ಸ್ ಕಂಪನಿಯ ಕ್ರಾಸ್‌ಫೈರ್ 2 ಸಾಲಿನ 2-7×32 ರಿಮ್‌ಫೈರ್ ಸ್ಕೋಪ್ 50 ಗಜಕ್ಕೆ ಹೊಂದಿಸಿದ್ದು. ಸಿಮನ್ಸ್‌ನ .22 ಮ್ಯಾಗ್ 3-9×32 ಕೂಡ ಅಷ್ಟಕ್ಕೇ, ಅದರ ಬೆಲೆ ಇನ್ನೂ ಕಡಿಮೆ. ಲ್ಯೂಪೋಲ್ಡ್‌ನ ವಿಎಕ್ಸ್-ಫ್ರೀಡಂ ರಿಮ್‌ಫೈರ್ 60 ಗಜದ್ದು. ಬೆಲೆಯಲ್ಲಿ ಇವೆರಡಕ್ಕಿಂತ ಮೇಲಿನ ಮೆಟ್ಟಿಲು. ಅದೇ ಕಂಪನಿಯ, ಹೊರಗಿನಿಂದ ನೋಡಲು ಹಾಗೆಯೇ ಇರುವ ಮಾಮೂಲಿ 3-9×40 ಬೇರೆ ದೂರಕ್ಕೆ ಹೊಂದಿಸಿರುವಂಥದ್ದು. ಹಾಗಾಗಿ ಕಂಪನಿಯ ಹೆಸರು ನೋಡಿ ನಿಲ್ಲಬೇಡಿ, ಮಾದರಿಯ ಪೂರ್ತಿ ಹೆಸರು ಓದಿ.

ಇನ್ನೊಂದು ದಾರಿಯೂ ಇದೆ. ಆಬ್ಜೆಕ್ಟಿವ್ ಬಳಿ ತಿರುಗಿಸುವ ಬಳೆ ಇರುವ, ಎಓ ಎಂದು ಗುರುತು ಹಾಕಿರುವ ಸ್ಕೋಪ್‌ಗಳು, ಇಲ್ಲವೇ ಎಡಬದಿಯಲ್ಲಿ ಒಂದು ಗುಂಡಿ ಇರುವಂಥವು. ಇವುಗಳಲ್ಲಿ ಪ್ಯಾರಲಾಕ್ಸನ್ನು ದೂರಕ್ಕೆ ತಕ್ಕಂತೆ ನೀವೇ ಹೊಂದಿಸಿಕೊಳ್ಳಬಹುದು. 10-15 ಮೀಟರ್‌ನಿಂದ ಹಿಡಿದು 100ರವರೆಗೆ ಬೇರೆ ಬೇರೆ ದೂರದಲ್ಲಿ ಹೊಡೆಯುವವರಿಗೆ ಇದು ಒಳ್ಳೆಯದು. ಆದರೆ ಬಳೆಯ ಮೇಲೆ ಅಚ್ಚಾಗಿರುವ ದೂರವನ್ನು ನಂಬಬೇಡಿ, ಅಗ್ಗದವುಗಳಲ್ಲಿ ಅದು ಅಂದಾಜು ಅಷ್ಟೇ. ರೈಫಲ್ಲನ್ನು ಮರಳಿನ ಚೀಲದ ಮೇಲೆ ಅಲುಗದಂತೆ ಕೂಡಿಸಿ, ತೋಟಾ ತೆಗೆದು, ಬೋಲ್ಟ್ ತೆರೆದಿಡಿ. ರೈಫಲ್ ಮುಟ್ಟದೆ ಸ್ಕೋಪಿನ ಹಿಂದೆ ತಲೆಯನ್ನು ನಿಧಾನವಾಗಿ ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಆಡಿಸಿ. ಗೆರೆ ಗುರಿಯ ಮೇಲೆ ಈಜಿದರೆ ಬಳೆ ಇನ್ನೂ ಸರಿಯಾಗಿಲ್ಲ. ಈಜುವುದು ನಿಂತಲ್ಲಿ ಪೇಂಟಿನಿಂದ ನಿಮ್ಮದೇ ಚುಕ್ಕೆ ಇಟ್ಟುಕೊಳ್ಳಿ. ಬಳೆಯಿಲ್ಲದ ಸ್ಕೋಪ್ ನಿಜಕ್ಕೂ ಯಾವ ದೂರಕ್ಕೆ ಹೊಂದಿಕೊಂಡಿದೆ ಎಂದು ಪತ್ತೆ ಮಾಡುವುದೂ ಹೀಗೆಯೇ.

ಈಗಾಗಲೇ 100 ಗಜದ ಸ್ಕೋಪ್ ಮನೆಯಲ್ಲಿದ್ದರೆ ಎಸೆಯಬೇಕಾಗಿಲ್ಲ. ಕಣ್ಣು ಸ್ಕೋಪಿನ ನಟ್ಟನಡುವಿದ್ದರೆ ಪ್ಯಾರಲಾಕ್ಸ್ ತಪ್ಪು ಬಹುತೇಕ ಇಲ್ಲವಾಗುತ್ತದೆ. ಹಳೆಯ ಗುರಿಕಾರರು ಮಾಡುವುದು ಇಷ್ಟು: ತಲೆಯನ್ನು ಚೂರು ಹಿಂದಕ್ಕೆ ತೆಗೆದು, ನೋಟದ ಸುತ್ತ ಒಂದು ತೆಳು ಕಪ್ಪು ಉಂಗುರ ಬರಿಸಿಕೊಂಡು, ಆ ಉಂಗುರ ಎಲ್ಲ ಕಡೆ ಒಂದೇ ದಪ್ಪ ಇದೆಯೇ ನೋಡಿ ಹೊಡೆಯುತ್ತಾರೆ. ಖರ್ಚಿಲ್ಲದ ಉಪಾಯ. ಕೆನ್ನೆ ಪ್ರತಿ ಸಲವೂ ರೈಫಲ್ಲಿನ ಮರದ ಮೇಲೆ ಒಂದೇ ಜಾಗದಲ್ಲಿ ಕೂರಬೇಕು, ಅಷ್ಟೇ.

ಇನ್ನು ಎಕ್ಸ್ ವಿಷಯ. 4×ನಲ್ಲಿ 50 ಮೀಟರ್ ದೂರದ ಗುರಿ ಬರಿಗಣ್ಣಿಗೆ ಹನ್ನೆರಡೂವರೆ ಮೀಟರ್‌ನಲ್ಲಿ ಇಟ್ಟಂತೆ ಕಾಣುತ್ತದೆ. ಡಬ್ಬಕ್ಕೋ ತೆಂಗಿನಕಾಯಿಗೋ ಹೊಡೆಯಲು ಇದಕ್ಕಿಂತ ಹೆಚ್ಚು ಬೇಡ. ಕಾಗದದ ಮೇಲೆ ಸಣ್ಣ ಗುಂಪು ಬೇಕೆನ್ನುವವರಿಗೆ 7 ಅಥವಾ 9 ಸಾಕು. ಅದಕ್ಕಿಂತ ಮೇಲೆ ಹೋದಂತೆ ನಿಮ್ಮ ನಾಡಿಬಡಿತವೇ ಗೆರೆಯ ಮೇಲೆ ಕಾಣಲು ಶುರುವಾಗುತ್ತದೆ. ಗುರಿ ದೊಡ್ಡದಾಗುವಷ್ಟೇ ನಡುಕವೂ ದೊಡ್ಡದಾಗುತ್ತದೆ. ಹೊಸಬರು ಗೆರೆ ನಡುವಿಗೆ ಬಂದ ಕ್ಷಣ ಹಿಡಿಯಲು ಹೋಗಿ ಟ್ರಿಗರ್ ಜಗ್ಗಿಬಿಡುತ್ತಾರೆ. ಜೊತೆಗೆ ಕಡಿಮೆ ಬೆಲೆಯಲ್ಲಿ 24× ಕೊಡಲು ತಯಾರಕರು ಎಲ್ಲೋ ಒಂದು ಕಡೆ ಕತ್ತರಿ ಹಾಕಲೇಬೇಕು, ಹಾಕುವುದು ಗಾಜಿಗೆ. 16 ದಾಟಿದ ಮೇಲೆ ಮಬ್ಬು, ಅಂಚುಗಳಲ್ಲಿ ನೇರಳೆ-ಹಸಿರು ಬಣ್ಣ. ಬೆಂಚಿನ ಮೇಲೆ ಕೂತು ಕಾಗದಕ್ಕೆ ಮಾತ್ರ ಹೊಡೆಯುವವರಿಗೆ ಹೆಚ್ಚು ಎಕ್ಸ್ ಬೇಕಾಗುವುದು ನಿಜ. ಅವರು ಎಓ ಇರುವ ಒಳ್ಳೆಯ ಸ್ಕೋಪಿಗೆ ದುಡ್ಡು ಕೂಡಿಡುವುದು ವಾಸಿ.

ಬೆಳಕಿನ ಲೆಕ್ಕವೂ ಚಿಕ್ಕದು. ಗಾಜಿನ ವ್ಯಾಸವನ್ನು ಎಕ್ಸ್‌ನಿಂದ ಭಾಗಿಸಿದರೆ ನಿಮ್ಮ ಕಣ್ಣಿಗೆ ಬರುವ ಬೆಳಕಿನ ಕಂಬದ ಅಗಲ ಸಿಗುತ್ತದೆ. 4×32ರಲ್ಲಿ 8 ಮಿಲಿಮೀಟರ್. 3-9×40ಯಲ್ಲಿ ಪೂರ್ತಿ 9ಕ್ಕೆ ಏರಿಸಿದರೂ 4.4. ಹಗಲಲ್ಲಿ ನಮ್ಮ ಕಣ್ಣಿನ ಪಾಪೆ ತೆರೆಯುವುದು 2ರಿಂದ 4 ಮಿಲಿಮೀಟರ್, ಅಷ್ಟರ ಮೇಲೆ ಬಂದ ಬೆಳಕು ವ್ಯರ್ಥ. ಹಗಲಲ್ಲಿ ರೇಂಜಿನಲ್ಲಿ ಹೊಡೆಯುವ .22ಗೆ 50 ಮಿಲಿಮೀಟರ್ ಗಾಜು ಯಾಕೂ ಬೇಡ ಎನ್ನುವುದಕ್ಕೆ ಇದೇ ಕಾರಣ. ಅದರ ಬದಲು ಗಾಜಿನ ಲೇಪ ನೋಡಿ. ಲೇಪವಿಲ್ಲದ ಗಾಜಿನ ಒಂದೊಂದು ಮೈಯೂ ಸುಮಾರು 4 ಶೇಕಡಾ ಬೆಳಕನ್ನು ಹಿಂದಕ್ಕೆ ಹೊಳೆಯಿಸಿಬಿಡುತ್ತದೆ. ಸ್ಕೋಪಿನೊಳಗೆ ಅಂಥ ಮೈಗಳು ಹತ್ತಕ್ಕೂ ಹೆಚ್ಚು. ‘ಕೋಟೆಡ್’ ಎಂದಷ್ಟೇ ಬರೆದಿದ್ದರೆ ಒಂದೆರಡು ಮೈಗೆ ತೆಳುವಾಗಿ ಬಳಿದಿರಬಹುದು. ‘ಫುಲ್ಲಿ ಮಲ್ಟಿಕೋಟೆಡ್’ ಎಂದರೆ ಗಾಳಿ ತಾಗುವ ಎಲ್ಲ ಮೈಗೂ ಹಲವು ಪದರ. ಅಗ್ಗದ ಸ್ಕೋಪ್‌ಗಳಲ್ಲೂ ಇದು ಈಗ ಸಿಗುತ್ತದೆ, ಕೇಳಿ ತೆಗೆದುಕೊಳ್ಳಿ.

.22 ವಿಷಯದಲ್ಲಿ ಬಡವರಿಗೆ ಅನುಕೂಲವಾದ ಒಂದು ಸಂಗತಿಯಿದೆ: ಒದೆತ ಇಲ್ಲವೆನ್ನುವಷ್ಟು ಕಡಿಮೆ. ದೊಡ್ಡ ರೈಫಲ್ ಮೇಲೆ ಕೆಲವೇ ಹೊಡೆತಕ್ಕೆ ಒಳಗಿನ ಗಾಜು ಸಡಿಲವಾಗುವ ಸ್ಕೋಪ್ ಕೂಡ .22 ಮೇಲೆ ವರ್ಷಗಟ್ಟಲೆ ಬಾಳಬಹುದು. ಆದರೆ ಅದೇ ಸ್ಕೋಪನ್ನು ಸ್ಪ್ರಿಂಗ್ ಏರ್‌ಗನ್‌ಗೆ ಹಾಕಬೇಡಿ. ಸ್ಪ್ರಿಂಗ್ ಏರ್‌ಗನ್ ಮೊದಲು ಹಿಂದಕ್ಕೆ ಒದೆಯುತ್ತದೆ, ಪಿಸ್ಟನ್ ಕೊನೆಗೆ ಬಡಿದಾಗ ಮುಂದಕ್ಕೂ ಜಗ್ಗುತ್ತದೆ. ಸ್ಕೋಪಿನೊಳಗಿನ ಗಾಜುಗಳನ್ನು ಕೂಡಿಸಿರುವುದು ಹಿಂದಿನ ಒದೆತ ತಡೆಯಲು. ಮುಂದಿನ ಜಗ್ಗಿಗೆ ಅಗ್ಗದವು ಬೇಗ ಕೈಕೊಡುತ್ತವೆ. ಏರ್‌ಗನ್‌ಗೆಂದು ಬರೆದಿರುವ ಸ್ಕೋಪನ್ನು .22ಗೆ ಹಾಕಲು ಯಾವ ಅಡ್ಡಿಯೂ ಇಲ್ಲ. ಅವುಗಳ ಪ್ಯಾರಲಾಕ್ಸ್ ಹತ್ತಿರಕ್ಕೇ ಇರುತ್ತದೆ ಅಥವಾ ಎಓ ಇರುತ್ತದೆ. ನಮ್ಮಲ್ಲಿ .177 ಏರ್ ರೈಫಲ್ ಹೆಚ್ಚು ಮಾರಾಟವಾಗುವುದರಿಂದ ಇವು ಸಿಗುವುದೂ ಸುಲಭ.

ಅಗ್ಗದ ಸ್ಕೋಪ್ ನಿಜಕ್ಕೂ ಸೋಲುವ ಜಾಗ ಟರೆಟ್, ಅಂದರೆ ಗುರಿ ಹೊಂದಿಸಲು ತಿರುಗಿಸುವ ಗುಂಡಿಗಳು. ಮೇಲಿನ ಗುಂಡಿ ತಿರುಗಿಸಿದಾಗ ಒಳಗಿನ ಒಂದು ಸಣ್ಣ ಕೊಳವೆಯನ್ನು ತಿರುಪು ಕೆಳಕ್ಕೆ ಒತ್ತುತ್ತದೆ. ಎದುರಿನಿಂದ ಒಂದು ಸ್ಪ್ರಿಂಗ್ ಅದನ್ನು ತಿರುಪಿಗೆ ಆನಿಸಿ ಹಿಡಿದಿರುತ್ತದೆ. ಸ್ಪ್ರಿಂಗ್ ದುರ್ಬಲವಾಗಿದ್ದರೆ ತಿರುಪು ಹಿಂದೆ ಬಂದರೂ ಕೊಳವೆ ಅಲ್ಲೇ ಅಂಟಿಕೊಂಡಿರುತ್ತದೆ. ನಾಲ್ಕು ಗುಂಡು ಹೊಡೆದ ಮೇಲೆ ಅಲುಗಾಟಕ್ಕೆ ಪಟ್ಟನೆ ಬಿಟ್ಟುಕೊಳ್ಳುತ್ತದೆ, ಐದನೆಯ ಗುಂಡು ಇನ್ನೆಲ್ಲೋ. ಗುಂಡಿ ‘ಕಟ್ ಕಟ್’ ಎಂದು ಗಟ್ಟಿಯಾಗಿ ಸದ್ದು ಮಾಡಿತು ಎಂದ ಮಾತ್ರಕ್ಕೆ ಒಳಗೆ ಕೆಲಸ ಆಗಿದೆ ಎಂದು ತಿಳಿಯಬಾರದು.

ಇದನ್ನು ಪತ್ತೆ ಹಚ್ಚಲು ಬಾಕ್ಸ್ ಟೆಸ್ಟ್ ಎಂಬ ಪರೀಕ್ಷೆ ಇದೆ, ಹೊಸ ಸ್ಕೋಪ್ ತಂದ ವಾರದಲ್ಲೇ, ಮರಳಿಸುವ ಅವಧಿ ಮುಗಿಯುವ ಮುನ್ನ, ಮಾಡಿಬಿಡಬೇಕು. 50 ಮೀಟರ್‌ನಲ್ಲಿ ಒಂದು ದೊಡ್ಡ ಬಿಳಿ ಹಾಳೆ ಕಟ್ಟಿ, ಕೆಳಗಿನ ಎಡ ಮೂಲೆಯ ಹತ್ತಿರ ಒಂದು ಕಪ್ಪು ಚುಕ್ಕೆ ಅಂಟಿಸಿ. ಕೊನೆಯವರೆಗೂ ಗುರಿ ಇಡುವುದು ಆ ಚುಕ್ಕೆಗೆ ಮಾತ್ರ. ರೈಫಲ್ ಚೀಲದ ಮೇಲಿರಲಿ, ಒಂದೇ ಪೆಟ್ಟಿಗೆಯ ತೋಟಾ ಇರಲಿ. ಮೊದಲು ಮೂರು ಗುಂಡು ಹೊಡೆಯಿರಿ. ಮೇಲಿನ ಗುಂಡಿಯನ್ನು 20 ಕ್ಲಿಕ್ ಮೇಲಕ್ಕೆ ತಿರುಗಿಸಿ ಮೂರು. ಪಕ್ಕದ ಗುಂಡಿಯನ್ನು 20 ಕ್ಲಿಕ್ ಬಲಕ್ಕೆ ತಿರುಗಿಸಿ ಮೂರು. 20 ಕೆಳಕ್ಕೆ, ಮೂರು. 20 ಎಡಕ್ಕೆ, ಮೂರು. ಕೊನೆಯ ಮೂರು ಮೊದಲ ಮೂರರ ಮೇಲೆಯೇ ಬಂದು ಕೂರಬೇಕು. ನಾಲ್ಕು ಗುಂಪುಗಳು ಸೇರಿ ಚೌಕವಾಗಬೇಕು. ಸಾಮಾನ್ಯ ಸ್ಕೋಪಿನಲ್ಲಿ ಒಂದು ಕ್ಲಿಕ್ ಎಂದರೆ ಕಾಲು ಮಿನಿಟ್ ಕೋನ. 100 ಮೀಟರ್‌ನಲ್ಲಿ 7.3 ಮಿಲಿಮೀಟರ್, 50ರಲ್ಲಿ ಅದರ ಅರ್ಧ, 25ರಲ್ಲಿ ಕಾಲು ಭಾಗ. ಹಾಗಾಗಿ ಚೌಕದ ಒಂದೊಂದು ಬದಿ 7.3 ಸೆಂಟಿಮೀಟರ್ ಬರಬೇಕು. 6.5 ಬಂದರೆ ಚಿಂತೆಯಿಲ್ಲ. ಕ್ಲಿಕ್ ಅಳತೆ ಸ್ವಲ್ಪ ಸುಳ್ಳು ಎಂದು ತಿಳಿದುಕೊಂಡರಾಯಿತು. ಚೌಕ ಓರೆಯಾದರೆ ಸ್ಕೋಪನ್ನು ವಾಲಿಸಿ ಕೂಡಿಸಿದ್ದೀರಿ, ಸರಿಮಾಡಬಹುದು. ಆದರೆ ಕೊನೆಯ ಗುಂಪು ಮೊದಲನೆಯದಕ್ಕೆ ಮರಳದಿದ್ದರೆ ಇನ್ನೊಮ್ಮೆ ಮಾಡಿ ನೋಡಿ, ಆಗಲೂ ಮರಳದಿದ್ದರೆ ಸ್ಕೋಪನ್ನು ಅಂಗಡಿಗೆ ಕೊಟ್ಟುಬಿಡಿ. ಆ ಜಾತಿಯ ದೋಷ ಮನೆಯಲ್ಲಿ ಸರಿಯಾಗುವಂಥದ್ದಲ್ಲ.

ಹದಿನೈದು ತೋಟಾ ಇದಕ್ಕೆ ಖರ್ಚಾಗುತ್ತದೆ. ಕಡಿಮೆ ಬೆಲೆಯ ಸ್ಕೋಪಿನ ಮೇಲೆ ಇದಕ್ಕಿಂತ ಸಾರ್ಥಕವಾದ ಖರ್ಚು ನನಗೆ ಕಾಣುವುದಿಲ್ಲ. ಜೀರೋ ಮಾಡಿದ ಮೇಲೆ ಗುಂಡಿಯನ್ನು ಮುಟ್ಟದೇ ಇರುವ ಅಭ್ಯಾಸವೂ ಒಳ್ಳೆಯದು. ಮುಟ್ಟಲೇಬೇಕಾದಾಗ, ಸ್ಪ್ರಿಂಗ್ ಸಡಿಲಿಸುವ ದಿಕ್ಕಿಗೆ ಹೋಗುವಾಗ ಬೇಕಾದದ್ದಕ್ಕಿಂತ ನಾಲ್ಕೈದು ಕ್ಲಿಕ್ ಮುಂದೆ ಹೋಗಿ ವಾಪಸ್ ಬರುವುದು ಹಳೆಯ ರೂಢಿ. ಆಗ ತಿರುಪು ಕೊಳವೆಯನ್ನು ಒತ್ತುತ್ತಲೇ ನಿಲ್ಲುತ್ತದೆ.

ಗೆರೆಗಳ ವಿಷಯ ಬೇಗ ಹೇಳಿ ಮುಗಿಸಬಹುದು. ಅಂಚಿನಲ್ಲಿ ದಪ್ಪ, ನಡುವೆ ತೆಳುವಾದ ಡ್ಯುಪ್ಲೆಕ್ಸ್ ಬಹುಮಂದಿಗೆ ಸಾಕು. 75, 100 ಮೀಟರ್‌ಗೆ ಹೋಗುವವರಿಗೆ ಕೆಳಗೆ ಚುಕ್ಕೆ ಅಥವಾ ಅಡ್ಡಗೆರೆ ಇರುವಂಥದ್ದು ಅನುಕೂಲ. ಆದರೆ ಬಜೆಟ್ ಸ್ಕೋಪ್‌ಗಳಲ್ಲಿ ಜೂಮ್ ಬದಲಿಸಿದರೂ ಗೆರೆಯ ಗಾತ್ರ ಬದಲಾಗುವುದಿಲ್ಲ, ಗುರಿ ಮಾತ್ರ ದೊಡ್ಡದಾಗುತ್ತದೆ. ಆದ್ದರಿಂದ ಆ ಚುಕ್ಕೆಗಳ ಲೆಕ್ಕ ಒಂದೇ ಒಂದು ಜೂಮ್‌ನಲ್ಲಿ, ಬಹುತೇಕ ಅತಿ ಹೆಚ್ಚಿನದರಲ್ಲಿ, ಸರಿ. 9ರಲ್ಲಿ ಕಲಿತ ಚುಕ್ಕೆಯನ್ನು 4ರಲ್ಲಿ ಬಳಸಿದರೆ ಗುಂಡು ಬೇರೆಡೆ. ಗುಂಡಿನ ಇಳಿತ ಸರಿದೂಗಿಸಲೆಂದು ‘.22 ಬಿಡಿಸಿ’ (BDC) ಎಂದು ಹೆಸರಿಟ್ಟ ಗೆರೆಗಳೂ ಯಾವುದೋ ಒಂದು ವೇಗದ ತೋಟಾಕ್ಕೆ ಬರೆದವು, ನಿಮ್ಮ ತೋಟಾದಿಂದ ಹೊಡೆದು ನೋಡಿಯೇ ತಿಳಿಯಬೇಕು. ಬೆಳಕು ಹೊತ್ತುವ ಕೆಂಪು-ಹಸಿರು ಗೆರೆಗೆ ದುಡ್ಡು ಕೊಡಬೇಡಿ.

ಸ್ಕೋಪಿಗಿಂತ ಅದನ್ನು ರೈಫಲ್ಲಿಗೆ ಹಿಡಿದಿಡುವ ಮೌಂಟ್ ಮೇಲೆ ಉಳಿತಾಯ ಮಾಡುವವರೇ ಹೆಚ್ಚು, ಅದು ತಪ್ಪು ಜಾಗ. ನಮ್ಮಲ್ಲಿ ಮನೆತನದ ಆಸ್ತಿಯಂತೆ ಉಳಿದುಬಂದಿರುವ ಚೆಕ್ ದೇಶದ ಬ್ರನೋ ರೈಫಲ್‌ಗಳಿಗೂ ಈಗಿನ ಸಿಝಡ್ ರಿಮ್‌ಫೈರ್‌ಗಳಿಗೂ ರಿಸೀವರಿನ ಮೇಲೇ 11 ಮಿಲಿಮೀಟರ್ ಡವ್‌ಟೇಲ್ ತೋಡು ಕೊರೆದಿರುತ್ತದೆ. ಅದಕ್ಕೆ 11 ಮಿಲಿಮೀಟರ್ ರಿಂಗೇ ಬೇಕು. ಅಗಲವಾದ ವೀವರ್ ರಿಂಗನ್ನು ಒತ್ತಾಯದಿಂದ ಕೂಡಿಸಿದರೆ ಹಿಡಿತ ನಿಲ್ಲುವುದಿಲ್ಲ. ಅಮೆರಿಕದಲ್ಲಿರುವ ಕನ್ನಡಿಗರ ಕೈಗೆ ಮೊದಲ ರೈಫಲ್ಲಾಗಿ ಬರುವ ರೂಗರ್ 10/22ರಲ್ಲಿ ಅಂಥ ತೋಡು ಇಲ್ಲ, ತಿರುಪಿನ ತೂತುಗಳಿವೆ; ಮೊದಲು ಬೇಸ್ ಕೂಡಿಸಿ ಅದರ ಮೇಲೆ ರಿಂಗ್. ಸ್ಕೋಪಿನ ಕೊಳವೆ ಒಂದು ಇಂಚಿನದೋ 30 ಮಿಲಿಮೀಟರಿನದೋ ನೋಡಿಕೊಂಡು ರಿಂಗ್ ತನ್ನಿ. ಬೋಲ್ಟ್ ಹಿಡಿ ಎತ್ತಿದಾಗ ತಾಗದಷ್ಟು, ಮುಂದಿನ ಗಾಜು ನಳಿಗೆಗೆ ಮುಟ್ಟದಷ್ಟು ಎತ್ತರ ಸಾಕು. ಅದಕ್ಕಿಂತ ಎತ್ತರವಾದರೆ ಕೆನ್ನೆ ಮರದಿಂದ ಏಳುತ್ತದೆ, ಕಣ್ಣು ಅಲೆದಾಡುತ್ತದೆ, ಮತ್ತೆ ಪ್ಯಾರಲಾಕ್ಸ್. 50 ಮಿಲಿಮೀಟರ್ ಗಾಜು ಬೇಡ ಎನ್ನಲು ಇದು ಎರಡನೆಯ ಕಾರಣ.

ಕೂಡಿಸುವಾಗ ಜೂಮನ್ನು ಅತಿ ಹೆಚ್ಚಿಗೆ ಇಟ್ಟು, ಕಣ್ಣು ಮುಚ್ಚಿ ಕೆನ್ನೆಯನ್ನು ಹಾಯಾಗಿ ಮರಕ್ಕೆ ಆನಿಸಿ, ಕಣ್ಣು ತೆರೆದಾಗ ಪೂರ್ತಿ ವೃತ್ತ ಕಾಣುವವರೆಗೆ ಸ್ಕೋಪನ್ನು ಹಿಂದೆ ಮುಂದೆ ಸರಿಸಿ. ಕಣ್ಣಿಗೂ ಸ್ಕೋಪಿಗೂ ಎಂಟರಿಂದ ಹತ್ತು ಸೆಂಟಿಮೀಟರ್ ಅಂತರ ಬರುತ್ತದೆ. ನಿಂತು ಹೊಡೆಯುವವರು ನಿಂತೇ ನೋಡಬೇಕು, ಮಲಗಿದಾಗಿನ ಅಂತರ ಬೇರೆ. ರಿಂಗಿನ ತಿರುಪುಗಳನ್ನು ಒಂದಾದ ಮೇಲೊಂದು ಮೂಲೆ ಬದಲಿಸುತ್ತ ಬಿಗಿಯಬೇಕು, ಎರಡೂ ಬದಿಯ ಸಂದು ಸಮನಾಗಿರಬೇಕು. 2 ನ್ಯೂಟನ್-ಮೀಟರ್ ಬಿಗಿ ಸಾಕು. ಚಿಕ್ಕ ಆಲನ್ ಕೀಯ ಗಿಡ್ಡ ಕಾಲನ್ನು ಎರಡು ಬೆರಳಲ್ಲಿ ಹಿಡಿದು ಬಿಗಿದಷ್ಟು. ಬಲ ಹಾಕಿದರೆ ಕೊಳವೆ ನೆಗ್ಗಿ ಒಳಗಿನ ಓಡಾಟವೇ ಕೆಡುತ್ತದೆ. ಹಿಂಬದಿಯ ಫೋಕಸ್ ಉಂಗುರ ಗೆರೆಯನ್ನು ನಿಮ್ಮ ಕಣ್ಣಿಗೆ ಹೊಂದಿಸಲಿಕ್ಕಿರುವುದು, ಗುರಿಯನ್ನಲ್ಲ. ಆಕಾಶದ ಕಡೆ, ಸೂರ್ಯನಿಂದ ದೂರ, ಒಂದೆರಡು ಸೆಕೆಂಡು ಮಾತ್ರ ನೋಡಿ ಗೆರೆ ಕೂಡಲೇ ಚೂಪಾಗಿ ಕಾಣುವ ಹಾಗೆ ತಿರುಗಿಸಿ. ಇದನ್ನು ಮಾಡದೆ ‘ಗಾಜು ಮಬ್ಬು’ ಎಂದು ಸ್ಕೋಪನ್ನು ಮರಳಿಸುವವರು ಬಹಳ.

ಕೊಡಗಿನಲ್ಲಿ, ಮಲೆನಾಡಿನಲ್ಲಿ ಸ್ಕೋಪಿಗೆ ಇನ್ನೊಂದು ಪರೀಕ್ಷೆಯಿದೆ: ಮಳೆಗಾಲ. ಒಳಗೆ ಸಾರಜನಕ ತುಂಬಿ ರಬ್ಬರ್ ರಿಂಗುಗಳಿಂದ ಮುಚ್ಚಿದ ಸ್ಕೋಪಾದರೆ ಒಳಗೆ ಹಬೆ ಕೂರದು. ಆದರೂ ಮೂರು ತಿಂಗಳು ರೆಕ್ಸಿನ್ ಚೀಲದಲ್ಲಿ ಮುಚ್ಚಿಟ್ಟರೆ ಹೊರ ಗಾಜಿನ ಮೇಲೆ ಬೂಷ್ಟು ಎಳೆ ಎಳೆಯಾಗಿ ಹಬ್ಬಿ ಲೇಪವನ್ನು ತಿನ್ನುತ್ತದೆ. ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಒಣ ಕಪಾಟಿನಲ್ಲಿ, ಗಾಳಿಯಾಡುವ ಬಟ್ಟೆಯಲ್ಲಿ ಇಡಿ. ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದು ಹಬ್ಬಕ್ಕೆ ಕೊಡವ ಮನೆಗಳಲ್ಲಿ ಕೋವಿಗಳನ್ನು ಒರೆಸಿ, ತೋಕ್ ಪೂ (ಕೋವಿ ಹೂ) ಮುಡಿಸಿ ಪೂಜೆಗಿಡುತ್ತಾರೆ. ನಳಿಗೆಗೆ ಎಣ್ಣೆ ಸವರಿದ ಬಟ್ಟೆಯೇ ಗಾಜಿಗೂ ತಾಗುವುದು ಆ ದಿನವೇ. ಗಾಜಿಗೆ ಬೇರೆ ಬಟ್ಟೆ ಇರಲಿ, ಮೊದಲು ಊದಿ ಧೂಳು ತೆಗೆಯಿರಿ.

ಹಬ್ಬದ ಆಟೋಟಗಳಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಮುಖ್ಯವಾದದ್ದು. ಪಾಯಿಂಟ್ ಟೂ ಟೂ, ಹನ್ನೆರಡು ಬೋರ್, ಏರ್‌ಗನ್ ಎಂದು ವಿಭಾಗ ಮಾಡುವುದುಂಟು. ಸ್ಕೋಪ್ ಬಿಡುತ್ತಾರೋ ಇಲ್ಲವೋ ಎಂದು ಆಯೋಜಕರನ್ನು ಮೊದಲೇ ಕೇಳಿ. 50 ಮೀಟರ್ ಪ್ರೋನ್, ತ್ರೀ ಪೊಸಿಷನ್ ಎಂದು ಅಂತರರಾಷ್ಟ್ರೀಯ ನಿಯಮದಂತೆ ನಡೆಯುವ ಸ್ಪರ್ಧೆಗಳಲ್ಲಂತೂ ದೂರದರ್ಶಕ ಸ್ಕೋಪಿಗೆ ಅವಕಾಶವೇ ಇಲ್ಲ, ಅಲ್ಲಿ ಪೀಪ್ ಸೈಟ್. ಆ ದಾರಿಯಲ್ಲಿ ಮುಂದೆ ಹೋಗಬೇಕೆನ್ನುವ ಮಕ್ಕಳಿಗೆ ಸ್ಕೋಪಿಗೆ ಇಟ್ಟ ದುಡ್ಡನ್ನು ತೋಟಾಕ್ಕೆ ಹಾಕಿ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದಿರುವ ಕೋವಿ ಪರವಾನಗಿ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ, ಉಳಿದವರಿಗೆ .22ಗೂ ಪರವಾನಗಿ ಬೇಕೇ ಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಬೇಟೆ ಎಲ್ಲರಿಗೂ ಅಪರಾಧವೇ. ಸ್ಕೋಪ್ ಹಾಕಿದ ರೈಫಲ್ಲನ್ನು ದುರ್ಬೀನಿನ ಹಾಗೆ ಎತ್ತಿ ಯಾರಿದ್ದಾರೆ ನೋಡುವುದಂತೂ ಎಂದಿಗೂ ಕೂಡದು. ಎಲ್ಲಿ ಸ್ಕೋಪ್ ತಿರುಗಿತೋ ಅಲ್ಲಿಗೆ ನಳಿಗೆಯೂ ತಿರುಗಿರುತ್ತದೆ.

ಹಳೆಯದನ್ನು ಕೊಳ್ಳುವುದಾದರೆ ಬೆಳಕಿಗೆ ಹಿಡಿದು ಎರಡೂ ತುದಿಯಿಂದ ನೋಡಿ. ಒಳಗೆ ಬೂಷ್ಟಿನ ಎಳೆಯೋ ಮಂಜೋ ಕಂಡರೆ ಬಿಟ್ಟುಬಿಡಿ. ಮೆಲ್ಲಗೆ ಅಲುಗಾಡಿಸಿದಾಗ ಒಳಗೆ ಏನಾದರೂ ಲೊಟಗುಟ್ಟಿದರೂ ಅಷ್ಟೇ. ರಿಂಗಿನ ಗುರುತು ಗೀರಾಗಿದ್ದರೆ ಪರವಾಗಿಲ್ಲ, ತಗ್ಗಾಗಿದ್ದರೆ ಬೇಡ. ನಿಕಾನ್ ಕಂಪನಿಯ ರಿಮ್‌ಫೈರ್ ಸ್ಕೋಪ್‌ಗಳು ಈಗಲೂ ಕೈಬದಲಾಗುತ್ತಿರುತ್ತವೆ, ಗಾಜು ಚೆನ್ನಾಗಿದೆ. ಆದರೆ ಕಂಪನಿ ರೈಫಲ್ ಸ್ಕೋಪ್ ತಯಾರಿಕೆಯನ್ನೇ ನಿಲ್ಲಿಸಿದೆ ಎಂಬುದನ್ನು ಬೆಲೆ ಹೇಳುವಾಗ ಲೆಕ್ಕಕ್ಕೆ ಹಿಡಿಯಿರಿ. ದೊಡ್ಡ ಹೆಸರಿನ ಸ್ಕೋಪ್ ನಂಬಲಾಗದ ಬೆಲೆಗೆ ಸಿಕ್ಕರೆ ನಕಲಿ ಎಂದೇ ತಿಳಿಯಿರಿ.

ಎಲ್ಲ ಆದಮೇಲೂ ಒಂದು ದಿನ ಗುಂಡುಗಳು ಚದುರಿ ಬೀಳುತ್ತವೆ. ಆಗ ಸ್ಕೋಪನ್ನು ದೂರುವ ಮುನ್ನ ನೋಡಬೇಕಾದ ಕ್ರಮವಿದೆ. ಮೊದಲು ರೈಫಲ್ ಮರದ ತಿರುಪು, ಬೇಸಿನ ತಿರುಪು, ರಿಂಗಿನ ತಿರುಪು. ಆಮೇಲೆ ತೋಟಾ: .22 ತೋಟಾಗಳಲ್ಲಿ ಒಂದು ಕಂಪನಿಯದು ನಿಮ್ಮ ನಳಿಗೆಗೆ ಒಗ್ಗಿದರೆ ಇನ್ನೊಂದು ಒಗ್ಗುವುದಿಲ್ಲ, ಬ್ರ್ಯಾಂಡ್ ಬದಲಿಸಿದರೆ ಜೀರೋ ಕೂಡ ಬದಲಾಗುತ್ತದೆ. ಆಮೇಲೆ ಗಾಳಿ: ಗಂಟೆಗೆ 16 ಕಿಲೋಮೀಟರ್ ಅಡ್ಡಗಾಳಿ 50 ಮೀಟರ್‌ನಲ್ಲಿ ಸ್ಟ್ಯಾಂಡರ್ಡ್ ಗುಂಡನ್ನು ಎರಡು ಸೆಂಟಿಮೀಟರಿಗೂ ಹೆಚ್ಚು ತಳ್ಳುತ್ತದೆ, ಹೈ ವೆಲಾಸಿಟಿ ಗುಂಡನ್ನು ಅದಕ್ಕಿಂತಲೂ ಹೆಚ್ಚು. ಶಬ್ದದ ವೇಗ ದಾಟಿದ ಗುಂಡು ಗಾಳಿಯ ತಡೆಗೆ ಬೇಗ ವೇಗ ಕಳೆದುಕೊಳ್ಳುವುದೇ ಅದಕ್ಕೆ ಕಾರಣ. ಈ ಮೂರೂ ಸರಿಯಿದ್ದು, ಒಂದೇ ತೋಟಾದಲ್ಲಿ, ಗಾಳಿಯಿಲ್ಲದ ಬೆಳಗ್ಗೆ, ಚೀಲದ ಮೇಲಿಟ್ಟು ಹೊಡೆದರೂ ಗುಂಪು ಎರಡಾಗಿ ಒಡೆಯುತ್ತಿದ್ದರೆ ಸ್ಕೋಪನ್ನು ಬಿಚ್ಚಿ, ರೈಫಲ್ಲಿನ ಮಾಮೂಲಿ ಸೈಟಿನಲ್ಲೇ ಹತ್ತು ಗುಂಡು ಹೊಡೆದು ನೋಡಿ. ಅದರಲ್ಲಿ ಒಂದೇ ಗುಂಪಾಗಿ ಬಿದ್ದರೆ ತಪ್ಪು ಸ್ಕೋಪಿನದು.